ಮಾಳಿಗೆ ಏರಿದ ಪಾಪಾಸುಕಳ್ಳಿ

ನಿಜಾಮರ ಆಳ್ವಿಕೆ ಇನ್ನೂ ಮುಗಿಯದಿದ್ದ ಆ ದಿನಗಳಲ್ಲಿ, ಹನುಮಸಾಗರದ ನಮ್ಮ ಹಿತ್ತಲಲ್ಲಿ ಪಾಪಾಸುಕಳ್ಳಿ ಆನೆಯಷ್ಟು ಎತ್ತರ ಬೆಳೆದಿತ್ತು. ಆನೆಯಷ್ಟು ಎಂದು ಬರೆದ ಕೂಡಲೇ ಅನುಮಾನ ಬರುತ್ತದೆ: ಆಗ ನಾನು ಆನೆಯನ್ನು ನೋಡಿಯೇ ಇರಲಿಲ್ಲ. ಕಳ್ಳಿ ನನಗಿಂತ ಎತ್ತರವಿತ್ತು. ಅಷ್ಟನ್ನು ಖಚಿತವಾಗಿ ಹೇಳಬಲ್ಲೆ.

ದನ ನುಗ್ಗದಿರಲೆಂದು ಹಿರಿಯರು ಬೇಲಿಗೆ ನೆಟ್ಟ ಗಿಡ. ಬೇಲಿಯಾಗಿಯೇ ಉಳಿಯುವ ಮನಸ್ಸು ಅದಕ್ಕಿರಲಿಲ್ಲ. ಅವ್ವನ ಬದನೆ, ಮೆಂತ್ಯ, ಪುಂಡಿಪಲ್ಲೆಯ ಮಡಿಗಳನ್ನೆಲ್ಲ ನುಂಗುತ್ತ ಹಿತ್ತಲ ಬಾಗಿಲ ಹತ್ತಿರ ಬಂದಿತ್ತು. ಮಕ್ಕಳಾದ ನಮಗೆ ಅದರ ಹಣ್ಣಿನ ಆಸೆ. ಗೋಣಿತಟ್ಟಿನ ಮೇಲೆ ಉರುಳಿಸಿ, ಮುಳ್ಳು ಉದುರಿಸಿ ತಿಂದರೆ ನಾಲಿಗೆ, ಅಂಗಿ ಎಲ್ಲ ಕೆಂಪು.

ಒಂದು ಚಳಿಗಾಲ ಅವ್ವ ಕೊಡಲಿ ಹಿಡಿದಳು. ಕಡಿದ ತುಂಡು ನೆಲಕ್ಕೆ ಬಿದ್ದರೆ ಅಲ್ಲೇ ಬೇರು ಬಿಡುತ್ತದೆಂದು ಗೊತ್ತಿತ್ತು. ಅದಕ್ಕೇ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಮಾಳಿಗೆಯ ಮೇಲೆ ಒಣಗಲು ಹರವಿದಳು. ನಮ್ಮ ಕಡೆ ಮಾಳಿಗೆಯೆಂದರೆ ಜಂತಿಯ ಮೇಲೆ ಗೇಣು ದಪ್ಪ ಮಣ್ಣು. ಮೆಣಸಿನಕಾಯಿ, ಶ್ಯಾವಿಗೆ ಒಣಗುವ ಜಾಗ. ಅದೂ ಮಣ್ಣೇ ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅಕಾಲದಲ್ಲಿ ಮಳೆ ಬಿತ್ತು. ಮಾಳಿಗೆ ಚಿಗುರಿತು.

ನೆರೆಮನೆಯ ಗಂಗವ್ವ ಗೋಡೆಯಾಚೆಯಿಂದ ಕೂಗಿದಳು: "ಏನ ಬಸವ್ವಾ, ಕೆಳಗ ಜಾಗಾ ಸಾಲಲಿಲ್ಲೇನ? ಮಾಳಿಗಿ ಮ್ಯಾಲೂ ಬಿತ್ತೀಯಲ್ಲ!"

"ಹಣ್ಣಾದಾಗ ನಿನಗೂ ಕಳಸ್ತೀನಿ ತಗೋ, ಬಾಯಿ ಕೆಂಪಗಾಗ್ಲಿ," ಎಂದಳು ಅವ್ವ.

ಅಪ್ಪ ನಗಲಿಲ್ಲ. "ಬೇಲಿ ಆತು, ಹಿತ್ತಲಾ ಆತು, ಈಗ ಮನಿ ನೆತ್ತಿ ಏರಿ ಕುಂತೈತಿ. ಮುಂಗಾರಿಗೆ ಇದು ಹೋಗಿರಬೇಕು. ಇಲ್ಲಂದ್ರ ಹಿತ್ತಲ ಬಾಗಲಾ ಕಿತ್ತಿ ಗ್ವಾಡಿ ಕಟ್ಟಸ್ತೀನಿ."

"ಕಟ್ಟಸ್ರಿ. ನನ್ನೂ ಅದರಾಗ ಇಟ್ಟು ಕಟ್ಟಸ್ರಿ."

ಇಡೀ ಮನೆಯಲ್ಲಿ ಅವ್ವನ ಮಾತು ನಡೆಯುತ್ತಿದ್ದದ್ದು ಆ ಹಿತ್ತಲಲ್ಲಿ ಮಾತ್ರ.

ಮರುದಿನ ಬೆಳಿಗ್ಗೆ ತೊಗರಿಕಟ್ಟಿಗೆಯ ಬೆಂಕಿ ಹೊತ್ತಿತು. ಕಳ್ಳಿಯ ತುಂಡನ್ನು ಚಿಮಟದಲ್ಲಿ ಹಿಡಿದು ಉರಿಗೆ ಒಡ್ಡಿದರೆ ಮುಳ್ಳುಗಳು ಎಳ್ಳಿನಂತೆ ಚಟಚಟನೆ ಸಿಡಿದವು. ಹುಳಿಹುಳಿಯಾದ ಹೊಗೆ. ಅವ್ವ ತುಂಡು ಕೊಚ್ಚಿ ಎಮ್ಮೆಯ ಮುಂದೆ ಸುರಿದಳು. ಅದು ಮೂಸಿತು, ಸೀನಿತು, ಬಾಯಿ ಹಾಕಿತು.

"ತಿಂತೈತಿ ಯವ್ವಾ, ತಿಂತೈತಿ!" ನಾನು ಕೂಗಿದೆ.

"ಮೆಲ್ಲಕ ಒದರೋ! ನಿಮ್ಮಪ್ಪಗ ಈಗ ತಿಳಿಯೂದು ಬ್ಯಾಡ."

ಮೊದಲ ದಿನ ತಿಂದದ್ದು ಹೆಚ್ಚಾಗಿ, ಕೊಟ್ಟಿಗೆಯೆಲ್ಲ ಎಮ್ಮೆಯ ನೀರು ಸಗಣಿ. ಆಮೇಲೆ ಜೋಳದ ಒಣದಂಟಿನ ಕಣಿಕೆ ಬೆರೆಸಿದಳು. ಹಾಲು ಹೆಚ್ಚಿತೆಂದು ಕೊನೆಯವರೆಗೂ ಹೇಳುತ್ತಿದ್ದಳು. ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದಿ ಬಂದ ನಾನು ಅದನ್ನು ನಂಬುವುದಿಲ್ಲ. ಆದರೆ ಗಂಗವ್ವ ಬುಟ್ಟಿ ಹಿಡಿದು ನಮ್ಮ ಬಾಗಿಲಿಗೆ ಬಂದದ್ದು ನಿಜ.

"ನಮ್ಮ ಎಮ್ಮಿಗೂ ಒಂದೀಟು ಕೊಡವಾ."

"ಯಾಕ, ಹಣ್ಣಿನ ತನಕ ತಡಿಯೂದಿಲ್ಲೇನ?"

ಓಣಿಯ ಎಮ್ಮೆಗಳೆಲ್ಲ ಸೇರಿ ನಮ್ಮ ವೈರಿಯನ್ನು ಮೇದವು. ಅವ್ವ ಹಾರೆ ಹಾಕಿ ಬೇರು ಮೀಟಿದಳು. ಉಗುರಿನಷ್ಟು ಚೂರೂ ಉಳಿಯದಂತೆ ನಾವು ಆರಿಸಿ ಬೆಂಕಿಗೆ ಹಾಕಿದೆವು. ಮಾಳಿಗೆಯ ಚಿಗುರೂ ಅದೇ ದಾರಿ ಹಿಡಿಯಿತು.

ಮುಂಗಾರಿನ ಮೋಡ ಕಟ್ಟಿದ ದಿನ ಅವ್ವ ಅಪ್ಪನನ್ನು ಹಿತ್ತಲ ಬಾಗಿಲಿಗೆ ಕರೆದಳು.

"ಕೆರವು ಬಿಚ್ರಿ."

"ಹುಚ್ಚಿ ಅದೀಯೇನ? ಮುಳ್ಳು..."

"ಬಿಚ್ಚಿ ಬರ್ರಿ ಅಂದೆ."

ಅಪ್ಪ ಬರಿಗಾಲಲ್ಲಿ ಮೊದಲು ಕೊಕ್ಕರೆಯಂತೆ ಕಾಲೆತ್ತಿ ಎತ್ತಿ ಇಟ್ಟ. ಅರ್ಧ ದಾರಿಯಲ್ಲಿ ನಡಿಗೆ ಸಡಿಲಾಯಿತು. ಆಚೆಯ ಗೋಡೆ ಮುಟ್ಟಿ ಬಂದು, ಹೊಸ್ತಿಲ ಮೇಲೆ ಕೂತು ಅಂಗಾಲು ನೋಡಿಕೊಂಡ. ಆಮೇಲೆ ಕೇಳಿದ: "ಈ ಸಲ ಬದನಿ ಎಲ್ಲಿ ಹಚ್ತೀ?"

"ನನಗ ಎಲ್ಲಿ ಬೇಕೋ ಅಲ್ಲಿ!" ಎಂದಳು ಅವ್ವ. ಆ ದನಿ ಗಂಗವ್ವನ ಮನೆಗೂ ಕೇಳಿಸಿರಬೇಕು.

ಈಗ ಆ ಹಿತ್ತಲಿಗೆ ಸಿಮೆಂಟು ಬಿದ್ದಿದೆ, ಬದನೆಕಾಯಿ ಸಂತೆಯಿಂದ ಬರುತ್ತದೆ. ಅಲ್ಲಿ ಯಾರ ಕಾಲಿಗೂ ಮುಳ್ಳು ಚುಚ್ಚುವುದಿಲ್ಲ. ಅವ್ವ ಬೆನ್ನು ಬಗ್ಗಿಸಿ ಗೆದ್ದ ನೆಲ ಅಂಗಾಲಿಗೆ ಹೇಗೆ ತಾಗುತ್ತಿತ್ತೆಂದು ಈಗಿನ ಕಾಲುಗಳಿಗೆ ಗೊತ್ತೂ ಇಲ್ಲ.