ಭರಮವ್ವ ಬಳಿದ ಗೋಡೆ

ಹೊಳೆಯ ನೀರಿಳಿದು ಮೇಲವಂಕಿಯ ಜನ ಕಾಳಜಿ ಕೇಂದ್ರದಿಂದ ಮನೆಗೆ ಮರಳಿದಾಗ, ಗಂಡಸರು ಕಟ್ಟೆಯ ಮೇಲೆ ಕುಳಿತು ಹಾನಿಯ ಅಂದಾಜಿಗೆ ತೊಡಗಿದರು. ಭರಮವ್ವನ ಗಂಡ ಸತ್ತೆಪ್ಪನ ಅಂದಾಜೇ ಎಲ್ಲರದಕ್ಕಿಂತ ಜೋರಾಗಿತ್ತು. ಭರಮವ್ವ ಸೆರಗು ಸಿಗಿಸಿ ಬುಟ್ಟಿ ಹಿಡಿದಳು. ಒಳಗಿನ ರಾಡಿಯನ್ನು ಹೊತ್ತು ಹೊರಗೆ ಸುರಿದಳು, ಕೌದಿ ಹಿಂಡಿ ಒಣಹಾಕಿದಳು, ಬಿರಿದ ಗೋಡೆಗೆ ಮಣ್ಣು ಮೆತ್ತಿ ಸಾರಿಸಿದಳು. ಅಧಿಕಾರಿಗಳು ಬಂದಾಗ ಮನೆ ಹೊಲಸಾಗಿದ್ದರೆ ಮಾತು ಕೇಳಬೇಕಾದವಳು ಅವಳೇ ತಾನೆ?

ಹಾನಿಯ ಸರ್ವೆಗೆ ಬಂದ ಊರ ಲೆಕ್ಕಿಗ, ತಲಾಠಿ ಮಹಾಂತೇಶ ಹೊಸ್ತಿಲಲ್ಲೇ ನಿಂತು ಮೆಚ್ಚಿದ.

"ಅಕ್ಕಾರ, ಮನಿ ಕನ್ನಡಿ ಆಗೇತ್ರಿ! ಇಲ್ಲೇನ ಹಾನಿ ಬರ್ಕೊಳ್ಳಲಿ?"

"ಎದಿಮಟ ನೀರ ನಿಂತಿತ್ರಿ, ಸಾಹೇಬ್ರ."

"ಗುರುತ ಎಲ್ಲೈತ್ರಿ?"

"ತೊಳದೇನ್ರಿ."

ತೊಳೆದದ್ದನ್ನು ಬರೆದುಕೊಳ್ಳಲು ಸರ್ಕಾರ ಜಾಗ ಇಟ್ಟಿರಲಿಲ್ಲ. "ನಾಳಿ ಹುಕ್ಕೇರಿಯಿಂದ ಎಂಜಿನಿಯರ್ ಸಾಹೇಬ್ರು ಬರ್ತಾರ. ಹಾನಿ ಕಣ್ಣಿಗಿ ಬಿದ್ರ ಪರಿಹಾರದ ಪಟ್ಟಿಗಿ ಸೇರ್ತೈತಿ. ಇಲ್ಲಾಂದ್ರ ಇಲ್ಲ," ಎಂದು ಹೊರಟ.

ಸತ್ತೆಪ್ಪ ಕೆಂಡವಾದ. "ನಿನಗ್ಯಾರ ಬಳೀ ಅಂದಿದ್ರು? ಪಟ್ಟಿಗಿ ಸೇರಲಿಲ್ಲಂದ್ರ ಹೊಸಾ ಮನಿ ಕನಸಿನ ಮಾತ. ಆ ರಾಡಿ ತಂದು ತಿರುಗಿ ಒಳಗ ಹಾಕು!"

"ಹೊರಗ ಹಾಕಾಕಿ ನಾ ಆದೆ. ಒಳಗ ಹಾಕಾವ್ರು ನೀವಾಗ್ರಿ. ನನ್ನ ರಟ್ಟಿ ಬಿದ್ದಾವು."

ಹೀಗೆ ಮರುದಿನ ಮುಂಜಾನೆ ಸತ್ತೆಪ್ಪ ತನ್ನ ಸಂಸಾರದಲ್ಲಿ ಮೊದಲ ಸಲ ಬುಟ್ಟಿ ಮುಟ್ಟಿದ. ಸ್ವಲ್ಪದರಲ್ಲೇ ಬೆನ್ನು ಹಿಡಿಯಿತು. ಹೊರುವುದಕ್ಕಿಂತ ಎರಚುವುದು ಸುಲಭವೆಂದು ರಾಡಿಯನ್ನು ನೀರಲ್ಲಿ ಕಲಸಿ, ಎದೆಮಟ್ಟಕ್ಕೆ ಗುರುತು ಮೂಡಲೆಂದು ಗೋಡೆಗೆ ರಪರಪ ಬಾರಿಸಿದ. ಒಳಗೊಳಗೇ ನೆನೆದು, ಹೆಂಡತಿ ಮೆತ್ತಿದ ಮಣ್ಣಿನ ಆಸರೆಯಲ್ಲಿ ನಿಂತಿದ್ದ ಗೋಡೆ ಅದು. ಎಂಜಿನಿಯರ್ ಅಂಗಳಕ್ಕೆ ಕಾಲಿಡುವುದಕ್ಕೂ ಅದು ಧಡಕ್ಕನೆ ಅಡುಗೆಮನೆಯ ಮೇಲೆ ಕುಸಿಯುವುದಕ್ಕೂ ಸರಿಹೋಯಿತು.

"ಅಯ್ಯಯ್ಯ! ಇದರಾಗ ಹೆಂಗ ಇದ್ರೀ?" ಎಂಜಿನಿಯರ್ ಬೆಚ್ಚಿದರು.

"ಹೊಳಿ ಹೊಡ್ತ ಅಂದ್ರ ಸಣ್ಣದೇನ್ರಿ, ಸಾಹೇಬ್ರ!" ರಾಡಿಯಲ್ಲಿ ಮಿಂದ ಸತ್ತೆಪ್ಪ ಎದೆಯುಬ್ಬಿಸಿದ.

ಮನೆ ಪಟ್ಟಿಗೆ ಸೇರಿತು. "ದೊಡ್ಡ ಸಾಹೇಬ್ರು ಬಂದು ನೋಡೂ ತನಕ ಇಲ್ಲಿದು ಒಂದ ಕಡ್ಡಿನೂ ಮುಟ್ಟಬ್ಯಾಡ್ರಿ. ಮುಟ್ಟಿದ್ರ ಹೆಸರ ತಗದ ಹಾಕ್ತಾರ," ಎಂದು ಎಚ್ಚರಿಸಿ ಎಂಜಿನಿಯರ್ ಜೀಪು ಹತ್ತಿದರು.

ಗೆದ್ದ ಸತ್ತೆಪ್ಪನಿಗೆ ಹಸಿವಾಯಿತು. "ಏ, ಒಲಿ ಮ್ಯಾಗಿನ ಮಣ್ಣ ತಗದು ನಾಕ ರೊಟ್ಟಿ ಬಡಿ."

ಭರಮವ್ವ ಬೇವಿನ ನೆರಳಿಗೆ ಹೊರಸು ಎಳೆದುಕೊಂಡು ಕಾಲು ಚಾಚಿದಳು.

"ಸರಕಾರ ಮುಟ್ಟಬ್ಯಾಡ ಅಂದೈತ್ರಿ."

ದೊಡ್ಡ ಸಾಹೇಬರು ಯಾವತ್ತು ಬರುತ್ತಾರೆಂದು ಯಾರೂ ಕೇಳಿರಲಿಲ್ಲ. ಭರಮವ್ವನಿಗೂ ಕೇಳುವ ಅವಸರವೇನೂ ಇರಲಿಲ್ಲ.