ಖಾನಾವಳಿಯ ಹೊರಗಿನ ಕುರ್ಚಿ

ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ರೊಟ್ಟಿ ಖಾನಾವಳಿ ಇದೆ. ಒಳಗೆ ಅವ್ವ ರೊಟ್ಟಿ ಬಡಿಯುತ್ತಾಳೆ, ಬಾಗಿಲ ಹತ್ತಿರ ಗಲ್ಲಾದ ಮೇಲೆ ಅಪ್ಪ ಕೂಡುತ್ತಾನೆ, ಅವನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಆ ಕುರ್ಚಿ ನನ್ನದು. ಹೈಸ್ಕೂಲಿನಲ್ಲಿದ್ದಾಗಿನಿಂದ, ರಜೆ ಇದ್ದ ದಿನವೆಲ್ಲ, ಊಟದ ಹೊತ್ತಿಗೆ ನಾನು ಅಲ್ಲಿ ಪುಸ್ತಕ ಹಿಡಿದು ಕೂಡಬೇಕೆಂಬುದು ಅವ್ವನ ಕಾಯಿದೆ. ಬಂದವರು ಕೈ ತೊಳೆಯುವ ಮೊದಲು ನನ್ನನ್ನು ನೋಡಬೇಕು. ಮಗಳು ಬಹಳ ಓದುತ್ತಾಳೆ ಎಂದು ಯಾರಾದರೂ ಅಂದರೆ ಸಾಕು, ಕೇಳದೆಯೇ ಅವರ ತಾಟಿಗೆ ಇನ್ನೊಂದು ಚಮಚ ಶೇಂಗಾ ಹಿಂಡಿ, ಅವ್ವನೇ ಕುಟ್ಟಿದ ಚಟ್ನಿಪುಡಿ, ಬೀಳುತ್ತಿತ್ತು. ಖಾಯಂ ಗಿರಾಕಿಗಳು ಇದನ್ನು ಬೇಗ ಪತ್ತೆ ಹಚ್ಚಿದರು. ನನ್ನ ಓದನ್ನು ಹೊಗಳಿ ಹೊಗಳಿ ಹಿಂಡಿ ತಿಂದವರು ಈ ತಾಲೂಕಿನಲ್ಲಿ ಬಹಳ ಮಂದಿ ಇದ್ದಾರೆ.

ಅವ್ವ ಮಣ್ಣೂರಿನವಳು. ಶಾಲೆ ಬಿಡಿಸಿ ಒಲೆಯ ಮುಂದೆ ಕೂಡಿಸಿದ ಮೇಲೆ ತಾನು ಎದ್ದೇ ಇಲ್ಲ ಎಂದು ಅವಳೇ ಹೇಳಿಕೊಂಡು ನಗುತ್ತಾಳೆ. ಮಗಳು ಮಾಸ್ತರಣಿ ಆಗಬೇಕು, ಮಗಳ ಕೈಗೆ ಹಿಟ್ಟು ಹತ್ತಬಾರದು. ಅವಳು ಬೇಡಿದ್ದು ಇಷ್ಟೇ. ನಾನು ನೀರು ಕುಡಿಯಲು ಒಳಗೆ ಹೋದರೂ "ನಡಿ ಹೊರಗ" ಎಂದು ಗದರುತ್ತಿದ್ದಳು. ಹಾಗಾಗಿ ಕುರ್ಚಿಯಲ್ಲಿ ಕೂತು ನಾನು ಹೆಚ್ಚಾಗಿ ಕಲಿತದ್ದು ಬೆನ್ನ ಹಿಂದಿನ ಬಡಿತವನ್ನು. ಹಿಟ್ಟು ಬಿರುಸಾಗಿದ್ದರೆ ಒಂದು ಸಪ್ಪಳ, ಹದವಾಗಿದ್ದರೆ ಇನ್ನೊಂದು. ಇತಿಹಾಸದ ಪುಸ್ತಕ ತೊಡೆಯ ಮೇಲೆ ಇರುತ್ತಿತ್ತು, ಕಿವಿ ಒಳಗೆ.

ಕಾಲೇಜಿನ ರಜೆಯಲ್ಲಿ ಆಳಂದ ಕಡೆಯ ಮಟಕಿ ಎಂಬ ಊರಿಗೆ, ಚಿಗವ್ವನ ಮನೆಗೆ ಹೋಗುತ್ತಿದ್ದೆ. ಅಲ್ಲಿ ಕಾಡಿ ಬೇಡಿ ರೊಟ್ಟಿ ಕಲಿತೆ. ಚಿಗವ್ವ ಮೊದಲು ಹೆದರಿದಳು, ಆಮೇಲೆ ಇದನ್ನು ಅಕ್ಕನಿಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಳು. ಮೊದಲ ರೊಟ್ಟಿಗಳನ್ನು ಎಮ್ಮೆ ತಿಂದಿತು, ಅದೂ ಮುಖ ಸಿಂಡರಿಸಿಕೊಂಡು. ಒಂದು ರೊಟ್ಟಿ ಹಂಚಿನ ಮೇಲೆ ಪೂರಾ ಉಬ್ಬಿದ ದಿನ ಮಾತ್ರ ನನಗಾದ ಖುಷಿ ಪದವಿ ಸಿಕ್ಕಾಗಲೂ ಆಗಲಿಲ್ಲ. ಅವತ್ತೇ ಒಳಗೊಳಗೆ ನಾಚಿಕೆಯೂ ಆಯಿತು.

ಬಿ.ಎಡ್. ಮುಗಿಸಿ ಜೇವರ್ಗಿ ಕಡೆಯ ಒಂದು ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಹೋದೆ. ಮಕ್ಕಳು ಒಳ್ಳೆಯವರು, ತಪ್ಪು ಅವರದಲ್ಲ. ಪಾಠ ಮಾಡುವಾಗ ನನ್ನ ಮೂಗು ಬಿಸಿಯೂಟದ ಕೋಣೆಯ ಕಡೆಗೇ ಇರುತ್ತಿತ್ತು. ಗಂಟೆ ಬಾರಿಸಿದ ಕೂಡಲೇ ಹೋಗಿ ಬೇಳೆ ಬೆಂದಿದೆಯೋ ಇಲ್ಲವೋ ನೋಡುವುದು, ಒಗ್ಗರಣೆಗೆ ಬಾಯಿ ಹಾಕುವುದು. ನಿಮ್ಮನ್ನು ಸರಕಾರ ಯಾವ ವಿಷಯಕ್ಕೆ ಕಳಿಸಿದೆ ಎಂದು ಹೆಡ್ ಮಾಸ್ತರರು ನಗುತ್ತಲೇ ಕೇಳಿದರು. ನಾನೂ ನಕ್ಕೆ. ವರ್ಷದ ಕೊನೆಗೆ ಮನೆಗೆ ಬಂದಾಗ ಮತ್ತೆ ಶಾಲೆಗೆ ಹೋಗಲಾರೆ ಎಂಬುದು ನನಗೆ ಖಾತ್ರಿಯಾಗಿತ್ತು, ಅದನ್ನು ಅವ್ವನಿಗೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಮುಂದೇನು ಎಂದು ಕೇಳದ ಗಿರಾಕಿ ಇರಲಿಲ್ಲ. ದಿನಾ ಉಣ್ಣಲು ಬರುವ ಬ್ಯಾಂಕಿನವರೊಬ್ಬರು ಬ್ಯಾಂಕ್ ಪರೀಕ್ಷೆ ಬರಿ ಅಂದರು, ಪೊಲೀಸರೊಬ್ಬರು ಪಿಎಸ್ಐ ಅಂದರು, ಗಾಣಗಾಪುರಕ್ಕೆ ಹೊರಟ ಯಾರೋ ಯಾತ್ರಿಕರು ದತ್ತಪ್ಪನಿಗೆ ಬೇಡಿಕೊ ಅಂದರು. ಎಲ್ಲರಿಗೂ ತಲೆ ಆಡಿಸಿದೆ. ಏನು ಆಗಬೇಕೆಂದು ತಿಳಿಯದವರ ಚಿಂತೆ ಒಂದು ಥರ. ನನಗೆ ತಿಳಿದಿತ್ತು, ಅದೇ ನನ್ನ ಚಿಂತೆ. ಅವ್ವ ನನ್ನನ್ನು ಎಲ್ಲಿಂದ ಪಾರು ಮಾಡಲು ಇಷ್ಟು ವರ್ಷ ಕೈ ಸುಟ್ಟುಕೊಂಡಳೋ, ನನಗೆ ಅಲ್ಲಿಗೇ ಬಂದು ಕೂಡುವ ಆಸೆ. ಅವಳಿಗೆ ಬೇರೆ ಗತಿಯಿಲ್ಲದೆ ಬಂದದ್ದನ್ನು ನಾನು ಇಷ್ಟವೆಂದು ಕರೆಯುವುದು ಅವಳನ್ನು ಅಣಕಿಸಿದ ಹಾಗೆ ಕಾಣುತ್ತಿತ್ತು.

ಮಣ್ಣೂರಿನಲ್ಲಿ ಒಂದು ಮದುವೆ ಬಂತು. ಅವ್ವ ಅಪ್ಪ ಇಬ್ಬರೂ ಹೋದರು, ನಾನೊಬ್ಬಳೇ ಉಳಿದೆ. ಖಾನಾವಳಿ ಬಂದ್ ಎಂದು ಹಿಂದಿನ ದಿನವೇ ಎಲ್ಲರಿಗೂ ಹೇಳಿದ್ದರು. ಬ್ಯಾಂಕಿನವರು ಮರೆತು ಬಂದರು, ಜೊತೆಗೆ ಇಬ್ಬರನ್ನು ಕರೆತಂದರು. ಹಸಿದವರನ್ನು ವಾಪಸ್ಸು ಕಳಿಸುವುದು ಹೇಗೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಖರೆ ಹೇಳಬೇಕೆಂದರೆ ಅವರು ಬಾರದಿದ್ದರೂ ಒಲೆ ಹಚ್ಚುತ್ತಿದ್ದೆನೇನೋ. ಎಸರಿಟ್ಟು, ಹಿಟ್ಟು ನಾದಿ, ಅವ್ವನ ಜಾಗದಲ್ಲಿ ಕೂತೆ. ಪುಂಡಿಪಲ್ಲೆ, ಹಿಂಡಿ, ಬಿಸಿ ರೊಟ್ಟಿ. ಅವರು ಉಂಡೆದ್ದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ, ಜಾಗ ಬಿಟ್ಟು ಏಳಲು ಮನಸ್ಸಾಗಲಿಲ್ಲ.

ಮರುದಿನ ಬ್ಯಾಂಕಿನವರು ಬಂದು ಅವ್ವನ ಎದುರಿಗೇ ಹೊಗಳಿದರು. ನಿನ್ನೆಯ ರೊಟ್ಟಿ ನಿಮ್ಮ ರೊಟ್ಟಿಯಂಥವೇ ಆಗಿದ್ದವು, ಮಗಳಿಗೆ ಒಳ್ಳೆಯ ಕೈ ಕೊಟ್ಟಿದ್ದೀರಿ ಅಂದರು. ಅವತ್ತು ಅವರ ತಾಟಿಗೆ ಹೆಚ್ಚಿನ ಹಿಂಡಿ ಬೀಳಲಿಲ್ಲ. ಗಿರಾಕಿಗಳೆಲ್ಲ ಹೋಗುವತನಕ ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಆಮೇಲೆ ಒಲೆ ಆರಿಸಿ ನನ್ನ ಕೈ ಹಿಡಿದು ತಿರುವಿ ನೋಡಿದಳು. ಹಂಚು ತಾಗಿ ಬೆರಳು ಕೆಂಪಾಗಿತ್ತು.

"ನನಗ ಇದ ಬೇಕು ಯವ್ವಾ. ಸಾಲಿ ಕೆಲಸ ನನ್ನ ಕೈಲಿ ಆಗಂಗಿಲ್ಲ," ಅಂದೆ.

"ನನಗ ಬ್ಯಾರೆ ದಾರಿ ಇದ್ದಿಲ್ಲ, ಅದಕ್ಕ ಇಲ್ಲಿ ಕುಂತೆ," ಅಂದಳು. "ನಿನಗ ಇತ್ತು."

ಬೈದಿದ್ದರೆ ನಾನೂ ಬಾಯಿ ಮಾಡುತ್ತಿದ್ದೆ, ಆ ಸಿಟ್ಟು ನನಗಿದೆ. ಅವಳು ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಎದ್ದು ಹೋದಳು. ನನಗೆ ಅಳು ಬಂತು. ಸಂಜೆ ಅಪ್ಪ ಪೇಟೆಯಿಂದ ಇನ್ನೊಂದು ಹಂಚು ತಂದು ಗೋಡೆಗೆ ಆನಿಸಿಟ್ಟ. ಅದು ಕೆಲವು ದಿನ ಹಾಗೇ ಇತ್ತು. ಒಂದು ಬೆಳಿಗ್ಗೆ ಅವ್ವನೇ ಅದನ್ನು ತೊಳೆದು ತನ್ನ ಒಲೆಯ ಪಕ್ಕದ ಒಲೆಯ ಮೇಲೆ ಇಟ್ಟಳು.

ಈಗ ನಾವಿಬ್ಬರೂ ಬಡಿಯುತ್ತೇವೆ. ನನ್ನ ರೊಟ್ಟಿಯಲ್ಲಿ ಅವ್ವ ತಪ್ಪು ಹುಡುಕುವುದಿಲ್ಲ, ಚೆನ್ನಾಗಿದೆ ಎಂದೂ ಅನ್ನುವುದಿಲ್ಲ. ಯಾರಾದರೂ ಕೇಳಿದರೆ, ನೌಕರಿ ಬರುವವರೆಗೆ ಸುಮ್ಮನೆ ಕೈಜೋಡಿಸುತ್ತಾಳೆ ಎಂದು ಹೇಳುತ್ತಾಳೆ. ನಾನು ತಿದ್ದುವುದಿಲ್ಲ. ಅಷ್ಟನ್ನೂ ಅವಳಿಂದ ಕಸಿದುಕೊಳ್ಳಲು ಮನಸ್ಸು ಬಾರದು.

ಹೈಸ್ಕೂಲಿನಲ್ಲಿ ನನಗೆ ಕಲಿಸಿದ ಮಾಸ್ತರರು ಆಗಾಗ ಊಟಕ್ಕೆ ಬರುತ್ತಾರೆ. ಓಣಿಯ ತಿರುವಿನಲ್ಲಿ ಅವರ ಸೈಕಲ್ ಕಂಡರೆ ಅವ್ವ ನನ್ನ ಕೈಯಿಂದ ಹಿಟ್ಟಿನ ಉಂಡೆ ತೆಗೆದುಕೊಳ್ಳುತ್ತಾಳೆ.

"ಕೈ ತೊಳ್ಕೊ ಯವ್ವ. ಹೋಗಿ ಹೊರಗ ಕುಂದ್ರು."

ಕೈ ತೊಳೆದು ಹೋಗಿ ಕುರ್ಚಿಯಲ್ಲಿ ಕೂಡುತ್ತೇನೆ, ಹಳೆಯ ಪುಸ್ತಕ ತೆರೆಯುತ್ತೇನೆ. ಏನು ನಡೆದಿದೆ ಎಂದು ಮಾಸ್ತರರು ಕೇಳುತ್ತಾರೆ.

"ಓದಾಕತ್ತೇನ್ರಿ ಸರ್," ಅನ್ನುತ್ತೇನೆ. ಉಗುರಿನ ಸಂದಿಯಲ್ಲಿ ಹಿಟ್ಟು ಉಳಿದಿರುತ್ತದೆ, ಬೆರಳು ಮಡಚಿ ಪುಸ್ತಕದ ಕೆಳಗೆ ಇಟ್ಟುಕೊಳ್ಳುತ್ತೇನೆ. ಶಾಬಾಸ್ ಎಂದು ಅವರು ಒಳಗೆ ಹೋಗುತ್ತಾರೆ. ಅವ್ವ ಅವರ ತಾಟಿಗೆ ಇನ್ನೊಂದು ಚಮಚ ಹಿಂಡಿ ಹಾಕುತ್ತಾಳೆ.