ಎಣಿಕೆ ಸಿಸ್ಟರ್ ಹೆಸರಿನ ಸುತ್ತೋಲೆ

ಮೂವತ್ತೊಂದು ವರ್ಷ ಆಪರೇಷನ್ ಥಿಯೇಟರಿನಲ್ಲಿ ನಿಂತು ನಿಂತು ಸವೆದ ಕಾಲು ಅವಳದು. ಆಸ್ಪತ್ರೆಗೆಲ್ಲ ಅವಳು ಎಣಿಕೆ ಸಿಸ್ಟರ್. ಹೊಟ್ಟೆ ಹೊಲಿಯುವ ಮುಂಚೆ, ಒಳಗಿಟ್ಟ ಬಟ್ಟೆತುಂಡುಗಳೆಲ್ಲ ಹೊರಗೆ ಬಂದವೇ ಎಂದು ಒಬ್ಬರಾದ ಮೇಲೊಬ್ಬರು, ಇಬ್ಬರು ನರ್ಸುಗಳು ಗಟ್ಟಿಯಾಗಿ ಎಣಿಸಬೇಕು. ಅಲ್ಲಿಯತನಕ ಎಂಥ ದೊಡ್ಡ ಡಾಕ್ಟರಾದರೂ ಸೂಜಿ ಹಿಡಿದು ಕಾಯಬೇಕು. ಮನೆಯಲ್ಲೂ ಹಾಗೇ ಅನ್ನಿ. ಒಗೆದ ಬಟ್ಟೆ ಎಣಿಸುವಾಗ ಗಂಡ ಬಾಯಿ ಹಾಕಿದರೆ ಮತ್ತೆ ಒಂದರಿಂದ ಶುರು. ಪಾಪ, ಆ ಮನುಷ್ಯ ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮುತ್ತಿದ್ದ. ಒಳ್ಳೆಯ ಜೀವ.

ಅದಿರಲಿ. ನಿವೃತ್ತಿಯಾದರೂ ಆಸ್ಪತ್ರೆಯವರು ಅವಳನ್ನು ಬಿಡಲಿಲ್ಲ. ‘ಹಿರಿಯ ಸಲಹೆಗಾರ್ತಿ’ ಎಂದು ಬಾಗಿಲಿಗೆ ಬೋರ್ಡು ಹಾಕಿ, ತಿರುಗುವ ಕುರ್ಚಿ ಕೊಟ್ಟು ಕೂರಿಸಿದರು. ಆಗ ಹೆಡ್‌ನರ್ಸ್ ಆಗಿದ್ದವಳು ಅವಳೇ ಕೈಹಿಡಿದು ಕಲಿಸಿದ ಹುಡುಗಿ. ಮೊದಲ ದಿನ ರಕ್ತ ಕಂಡು ಕುಸಿದವಳನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಅಂದಿನಿಂದ ಆ ಹುಡುಗಿ ಇವಳನ್ನು ಅಮ್ಮಾ ಎಂದೇ ಕರೆಯುತ್ತಿದ್ದಳು.

ಒಂದು ಮೀಟಿಂಗಿನಲ್ಲಿ ಮ್ಯಾನೇಜರು ಮೆಲ್ಲಗೆ ಕೇಳಿದ: "ಎರಡೆರಡು ಸಲ ಎಣಿಸೋದ್ರಲ್ಲಿ ಹೊತ್ತು ಹೋಗುತ್ತೆ ಮೇಡಂ. ಒಬ್ರೇ ಎಣಿಸಿದ್ರೆ ಸಾಲ್ದಾ?"

"ಸಾಲಲ್ಲಪ್ಪ. ಒಂದು ಕಣ್ಣು ತಪ್ಪೇ ತಪ್ಪುತ್ತೆ, ನಂದೂ ತಪ್ಪಿದೆ. ನಾನಂತೂ ಒಪ್ಪಲ್ಲ."

"ಆಯ್ತು ಬಿಡಿ, ನಿಮ್ಮ ಮಾತು ಮೀರೋಕಾಗುತ್ತಾ?" ಎಂದು ನಕ್ಕ. ಹೆಡ್‌ನರ್ಸ್ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದಳು.

ಹದಿನೈದು ದಿನಕ್ಕೆ ಎಣಿಕೆ ಸಿಸ್ಟರ್ ಥಿಯೇಟರಿನ ಗಾಜಿನಿಂದ ಇಣುಕಿದರೆ, ಒಬ್ಬಳೇ ನರ್ಸು ತುಟಿಯಲ್ಲೇ ಎಣಿಸಿ ತುಂಡುಗಳನ್ನು ಬುಟ್ಟಿಗೆ ಸುರಿಯುತ್ತಿದ್ದಳು. ಹೊರಗೆ ಬಂದವಳನ್ನು ತಡೆದು ಕೇಳಿದಳು: "ಏನೇ ಇದು? ಇನ್ನೊಬ್ಬಳೆಲ್ಲಿ?"

"ನೀವೇ ಹೇಳಿದ್ದಲ್ವಾ ಸಿಸ್ಟರಮ್ಮ? ನಾವೆಲ್ಲ ಆಗಲ್ಲ ಅಂತ ಹಟ ಹಿಡಿದಿದ್ವಿ. ಸುತ್ತೋಲೇಲಿ ನಿಮ್ಮ ಹೆಸರು ನೋಡಿ ಸುಮ್ಮನಾದ್ವಿ."

ಸುತ್ತೋಲೆ ಗೋಡೆಯ ಮೇಲಿತ್ತು: ‘ಹಿರಿಯ ಸಲಹೆಗಾರ್ತಿಯವರೊಂದಿಗೆ ಸಮಾಲೋಚಿಸಿ, ಇನ್ನು ಮುಂದೆ ಒಬ್ಬರೇ ಎಣಿಸಿದರೆ ಸಾಕೆಂದು ತೀರ್ಮಾನಿಸಲಾಗಿದೆ’ ಎಂದು, ಜೊತೆಗೆ ಅವಳ ಹೆಸರು. ಕೆಳಗೆ ಹೆಡ್‌ನರ್ಸಿನ ಸಹಿ. ಎಣಿಕೆ ಸಿಸ್ಟರ್ ನೇರ ಅವಳ ಕೋಣೆಗೇ ಹೋಗಿ ಕೇಳಿದಳು.

ಹೆಡ್‌ನರ್ಸ್ ಕಣ್ಣೆತ್ತಲಿಲ್ಲ. "ನಿಮ್ಮನ್ನ ಕೇಳಿದ್ದು ನಿಜ ತಾನೇ ಅಮ್ಮಾ? ನೀವು ಒಪ್ಪಿದ್ರಿ ಅಂತ ಎಲ್ಲೂ ಬರೆದಿಲ್ವಲ್ಲ."

"ನನ್ನ ಹೆಸರು ಬಿಟ್ಟು ಕಳಿಸ್ಬೇಕಿತ್ತು."

"ಬಿಟ್ಟಿದ್ರೆ ಯಾರು ಕೇಳ್ತಿದ್ರು?" ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ನನ್ನ ಕೆಲಸಾನೂ ಉಳೀಬೇಕಲ್ಲಮ್ಮಾ."

ಎಣಿಕೆ ಸಿಸ್ಟರ್ ಥಿಯೇಟರಿಗೆ ಹಿಂದಿರುಗಿದಳು. ಅದೇ ನರ್ಸು ಮುಂದಿನ ಆಪರೇಷನ್ನಿಗೆ ಕೈ ತೊಳೆಯುತ್ತಿದ್ದಳು. "ನೋಡು ಮಗಳೇ, ಅದು ನನ್ನ ಮಾತಲ್ಲ. ಇಬ್ರೂ ಎಣಿಸಿ. ಒಬ್ರೇ ಸಾಲಲ್ಲ ಅಂತಾನೇ ನಾನು ಅಂದಿದ್ದು."

ಆ ಹುಡುಗಿ ಅವಳನ್ನು ಅಕ್ಕರೆಯಿಂದ ನೋಡಿದಳು. ಒದ್ದೆ ಕೈಯಾದ್ದರಿಂದ ಕಾಲಿನಲ್ಲೇ ಸ್ಟೂಲನ್ನು ಅವಳ ಕಡೆ ತಳ್ಳಿದಳು.

"ಕೂತ್ಕೊಳ್ಳಿ ಸಿಸ್ಟರಮ್ಮ. ನೀವು ಬಂದು ಹೀಗಂತೀರಿ, ನಾವು ಬೇಜಾರು ಮಾಡ್ಕೋಬಾರ್ದು ಅಂತ ಹೆಡ್ ಮೇಡಂ ಸುತ್ತೋಲೆ ಹಾಕಿದ ದಿನಾನೇ ಹೇಳಿದ್ರು. ಈಚೀಚೆಗೆ ನಿಮಗೆ ಮರೆವಂತಲ್ಲ."